ಕೂಸಿನ ಕೌದಿ: ಹಳೇ ಸೀರೆಯಿಂದ ಹೊಲಿಯುವ ಪೂರ್ತಿ ವಿಧಾನ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಮನೆಗಳಲ್ಲಿ ಬಾಣಂತಿ ತವರಿನಿಂದ ಹೊರಡುವಾಗ ಕೂಸಿನ ಗಂಟಿನಲ್ಲಿ ಕುಂಚಿಗೆ, ಕುಲಾಯಿ ಜೊತೆಗೆ ಒಂದೆರಡು ಕೌದಿ ಇದ್ದೇ ಇರುತ್ತವೆ. ಪಕ್ಕದ ಮರಾಠಿ ಮನೆಯವರು ಇದನ್ನೇ ಗೋಧಡಿ ಅನ್ನುತ್ತಾರೆ, ವಾಕಳ ಅನ್ನುತ್ತಾರೆ. ಹೆಸರು ಯಾವುದಾದರೂ ಕೆಲಸ ಒಂದೇ: ಉಟ್ಟು ಮೆತ್ತಗಾದ ಹತ್ತಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಸಾದಾ ಹೊಲಿಗೆ ಹಾಕುವುದು.

ಇವತ್ತು ಹೊಸದಾಗಿ ಹೊಲಿಯಲು ಕೂರುವವರು ಮಾಡುವ ದೊಡ್ಡ ತಪ್ಪು ಎಂದರೆ ಕೂಸಿನ ಕೌದಿಯನ್ನು ದೊಡ್ಡವರ ಕೌದಿಯ ಸಣ್ಣ ತುಂಡು ಅಂದುಕೊಳ್ಳುವುದು. ದೊಡ್ಡವರ ಕೌದಿಗೆ ಆರೆಂಟು ಪದರ ಬೇಕು, ದಪ್ಪ ದಾರ ಬೇಕು. ಅದನ್ನು ಒಗೆಯುವುದು ವರ್ಷಕ್ಕೆ ಒಂದೆರಡು ಸಲ, ಅದೂ ಹಳ್ಳಕ್ಕೋ ಕೆರೆಗೋ ಒಯ್ದು. ಕೂಸಿನ ಕೌದಿ ದಿನಾ ಉಚ್ಚೆಯಲ್ಲಿ ತೋಯುತ್ತದೆ, ದಿನಾ ಒಗೆಯಬೇಕು, ಸಂಜೆಯೊಳಗೆ ಒಣಗಬೇಕು. ಕೂಸಿನ ಬೆರಳು ಅದರ ಮೇಲೆ ಸದಾ ಆಡುತ್ತಿರುತ್ತವೆ, ಮೂರು ನಾಲ್ಕು ತಿಂಗಳಾದ ಮೇಲೆ ಅದರ ಅಂಚು ಬಾಯಿಗೂ ಹೋಗುತ್ತದೆ. ಹಾಗಾಗಿ ಪದರ ಎಷ್ಟು, ದಾರ ಎಂಥದ್ದು, ಹೊಲಿಗೆ ಎಷ್ಟು ಸಣ್ಣದು, ಗಂಟು ಎಲ್ಲಿ ಹೋಗಬೇಕು ಎಂಬ ಎಲ್ಲಕ್ಕೂ ಉತ್ತರ ಈ ಎರಡು ಮಾತಿನಿಂದಲೇ ಸಿಗುತ್ತದೆ: ಬೇಗ ಒಣಗಬೇಕು, ಕೂಸಿಗೆ ಯಾವುದೂ ಸಿಕ್ಕಿಕೊಳ್ಳಬಾರದು.

ಮೊದಲು ಬಳಕೆ ತಿಳಿದಿರಲಿ

ಕೌದಿ ಕೂಸಿನ ಕೆಳಗೆ ಹಾಸಲಿಕ್ಕೆ. ಒಂದು ವರ್ಷದೊಳಗಿನ ಕೂಸು ಮಲಗಿದಾಗ ಮೇಲೆ ಹೊದಿಸಲಿಕ್ಕೆ ಅಲ್ಲ. ಕೂಸು ಕೈಕಾಲು ಬಡಿದಾಗ ಹೊದಿಕೆ ಮೇಲೆ ಸರಿದು ಮೂಗು ಬಾಯಿ ಮುಚ್ಚಬಹುದು, ಅದನ್ನು ಎಳೆದು ಹಾಕುವ ಶಕ್ತಿ ಆ ಕೈಗಳಿಗೆ ಇರುವುದಿಲ್ಲ. ಒಂದು ವರ್ಷ ತುಂಬುವವರೆಗೆ ಮಲಗುವ ಜಾಗದಲ್ಲಿ ಸಡಿಲ ಹೊದಿಕೆ, ದಿಂಬು, ಮೆತ್ತನೆಯ ಗೊಂಬೆ ಇಡಬಾರದು, ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ ಅಂಗಾತ ಮಲಗಿಸಬೇಕು ಎಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುತ್ತದೆ. ಹಾಸಿನ ಮೇಲೆ ಬಿಗಿಯಾಗಿ ಕೂರುವ ಹಾಸುಬಟ್ಟೆ ಬಿಟ್ಟು ಬೇರೇನೂ ಬೇಡ ಎಂಬುದು ಅದರ ಮಾತು. ಆದರೂ ಕೌದಿ ಹಾಸುವುದಾದರೆ ಮೂರು ನಾಲ್ಕು ಪದರದ ತೆಳುವಾದದ್ದನ್ನೇ ಸುಕ್ಕಿಲ್ಲದಂತೆ ಹಾಸಿ. ಎಂಟು ಪದರದ ಮೆತ್ತೆ ಬೇಡವೇ ಬೇಡ. ಡಿಸೆಂಬರ್, ಜನವರಿಯ ಚಳಿಗೆ ಕೂಸಿಗೆ ಒಂದು ಅಂಗಿ ಹೆಚ್ಚು ತೊಡಿಸಿ, ಕೌದಿ ಹೊದಿಸಬೇಡಿ. ಎಚ್ಚರವಿದ್ದಾಗ ನೆಲದ ಮೇಲೆ ಬೋರಲು ಹಾಕಲಿಕ್ಕೆ, ಎತ್ತಿಕೊಂಡು ಅಂಗಳಕ್ಕೆ ಹೋಗುವಾಗ ಸುತ್ತಲಿಕ್ಕೆ ಕೌದಿ ಬಹಳ ಚೆನ್ನ.

ಸೀರೆಯ ಜೋಳಿಗೆಯಲ್ಲಿ ಮಲಗಿಸುವ ಮನೆಗಳಲ್ಲಿ ಇನ್ನೂ ಎಚ್ಚರ ಬೇಕು. ಜೋಳಿಗೆ ತಾನೇ ಬಾಗಿರುತ್ತದೆ, ಅದರೊಳಗೆ ದಪ್ಪ ಕೌದಿ ಇಟ್ಟರೆ ಅದರ ಬದಿಗಳು ಮಡಚಿಕೊಂಡು ಕೂಸಿನ ಮುಖಕ್ಕೆ ಬರುತ್ತವೆ, ಗದ್ದ ಎದೆಗೆ ಒತ್ತಿಕೊಳ್ಳುತ್ತದೆ. ಕೂಸಿಗೆ ನಿದ್ದೆ ಹತ್ತಿದ ಕೂಡಲೇ ಎತ್ತಿ ನೆಲದ ಹಾಸಿಗೆಗೆ ಹಾಕುವುದು ಒಳ್ಳೆಯದು.

ಬಟ್ಟೆ ಆರಿಸುವುದು

ಕೂಸಿನ ಕೌದಿಗೆ ಹಳೇ ಬಟ್ಟೆಯಷ್ಟು ಒಳ್ಳೆಯದು ಹೊಸದು ಅಲ್ಲ. ಹತ್ತಾರು ಸಲ ಒಗೆದ ಹತ್ತಿ ಸೀರೆಯಲ್ಲಿ ಗಂಜಿ ಉಳಿದಿರುವುದಿಲ್ಲ, ಬಿಡುವ ಬಣ್ಣ ಬಿಟ್ಟು ಮುಗಿದಿರುತ್ತದೆ, ಕುಗ್ಗುವಷ್ಟು ಕುಗ್ಗಿರುತ್ತದೆ. ಅಜ್ಜಿಯ ಮಲ್ಲು (ತೆಳು ಹತ್ತಿಯ) ಸೀರೆ, ಅಜ್ಜನ ಬಿಳೇ ಧೋತರ ಒಳಪದರಕ್ಕೆ ಎಲ್ಲಕ್ಕಿಂತ ಮೇಲು. ಆದರೆ ಹಳೇದು ಅಂದರೆ ಹರಿಯುವಷ್ಟು ಹಳೇದು ಆಗಬಾರದು. ಬಟ್ಟೆಯನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಿ: ಜಾಳಾದ ಜಾಗದಲ್ಲಿ ಬೆಳಕು ಚುಕ್ಕಿ ಚುಕ್ಕಿಯಾಗಿ ತೂರುತ್ತದೆ. ಎರಡು ಹೆಬ್ಬೆರಳಿನ ನಡುವೆ ಹಿಡಿದು ಜಗ್ಗಿದಾಗ ಚರ್ ಎಂದು ಬಿರಿದರೆ ಆ ಭಾಗ ಬೇಡ. ನೆಲಕ್ಕೆ ತಾಗುವ ಕೆಳದಡಿಯ ಹತ್ತಿರದ ಒಂದು ಗೇಣು ಎಲ್ಲಕ್ಕಿಂತ ಮೊದಲು ಸವೆದಿರುತ್ತದೆ.

ಇಳಕಲ್ ಸೀರೆ ಮನೆ ಮನೆಯಲ್ಲಿ ಇರುವುದರಿಂದ ಅದರ ಬಗ್ಗೆ ಒಂದು ಮಾತು. ಮೈ ಹತ್ತಿಯದಾಗಿದ್ದರೂ ಸೆರಗು, ದಡಿ ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುತ್ತವೆ. ಒಗೆದಾಗ ಹತ್ತಿ ಒಂದು ಅಳತೆಗೆ ಕುಗ್ಗುತ್ತದೆ, ಸೆರಗು ಇನ್ನೊಂದು ಅಳತೆಗೆ. ಎರಡನ್ನೂ ಒಂದೇ ಪದರದಲ್ಲಿ ಸೇರಿಸಿದರೆ ನಾಲ್ಕು ಒಗೆತಕ್ಕೆ ಕೌದಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ಮೈ ಭಾಗವನ್ನು ಮಾತ್ರ ತೆಗೆದುಕೊಳ್ಳಿ. ಸೆರಗಿನ ಕೆಂಪು ನೋಡಲು ಎಷ್ಟು ಚೆಂದವೋ ನೀರಿನಲ್ಲಿ ಅಷ್ಟೇ ಅಪಾಯ, ಬಣ್ಣ ಬಿಡುವುದು ಹೆಚ್ಚಾಗಿ ಅದೇ. ಜರಿ ಇರುವ ಯಾವ ತುಂಡೂ ಬೇಡ, ಎಳೆ ಬಿಚ್ಚಿಕೊಂಡು ಚರ್ಮಕ್ಕೆ ಗೀರುತ್ತದೆ.

ಬಟ್ಟೆ ಶುದ್ಧ ಹತ್ತಿಯೋ ಅಲ್ಲವೋ ಗೊತ್ತಾಗದಿದ್ದರೆ ಸುಟ್ಟು ನೋಡುವುದೇ ದಾರಿ. ಎರಡಿಂಚು ತುಂಡನ್ನು ಚಿಮುಟದಲ್ಲಿ ಹಿಡಿದು, ಕೆಳಗೆ ನೀರು ತುಂಬಿದ ತಟ್ಟೆ ಇಟ್ಟು ಹಚ್ಚಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದು ಬಣ್ಣದ ಬೂದಿ ಬೆರಳಿಗೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಬಟ್ಟೆ ಕರಗಿ ಕುಗ್ಗಿ, ತುದಿಯಲ್ಲಿ ಗಟ್ಟಿ ಮಣಿ ನಿಲ್ಲುತ್ತದೆ. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಬೆವರನ್ನು ಚರ್ಮದ ಮೇಲೇ ನಿಲ್ಲಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಅಂಥ ಬಟ್ಟೆಯ ಮೇಲೆ ಮಲಗಿದ ಕೂಸಿನ ಬೆನ್ನೆಲ್ಲ ಬೆವರುಸಾಲೆ.

ಕುರುಬರು ನೇಯುವ ಕಂಬಳಿ, ಸೊಲ್ಲಾಪುರ ಚಾದರ ಎರಡೂ ಹೆಮ್ಮೆಯ ಬಟ್ಟೆಗಳು, ಆದರೆ ಎಳೇ ಕೂಸಿಗಲ್ಲ. ದಖ್ಖನಿ ಕುರಿಯ ಉಣ್ಣೆ ಒರಟು, ಚರ್ಮಕ್ಕೆ ಚುಚ್ಚುತ್ತದೆ. ಚಾದರದ ತೂಕ ಕೂಸಿಗೆ ಹೆಚ್ಚು.

ಡಾಂಬರ ಗುಳಿಗೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದ ಸೀರೆ ತೆಗೆದರೆ ವಾಸನೆ ಪೂರ್ತಿ ಹೋಗುವವರೆಗೆ ಒಗೆದು ಬಿಸಿಲಿಗೆ ಹಾಕಲೇಬೇಕು. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರುತ್ತದೆ. ಕೊರತೆ ಇದೆಯೋ ಇಲ್ಲವೋ ಹುಟ್ಟಿದ ಕೂಸಿನ ಮುಖ ನೋಡಿ ಹೇಳಲು ಆಗುವುದಿಲ್ಲ. ಎರಡು ಸಲ ಒಗೆದರೂ ವಾಸನೆ ಉಳಿದ ಬಟ್ಟೆಯನ್ನು ಬೇರೆ ಕೆಲಸಕ್ಕೆ ಇಟ್ಟುಬಿಡಿ.

ಬೇಕಾಗುವ ಸಾಮಾನು

ಇಲ್ಲಿ ಹೇಳುವ ಕೌದಿಯ ಅಳತೆ 30 ಇಂಚು ಅಗಲ, 40 ಇಂಚು ಉದ್ದ. ತೊಟ್ಟಿಲಿಗೆ ಹಾಸುವುದಾದರೆ ಮೊದಲು ತೊಟ್ಟಿಲಿನ ತಳ ಅಳೆಯಿರಿ. ಬದಿಗೆ ಏರದಂತೆ ಅಷ್ಟೇ ಅಳತೆಗೆ ಹೊಲಿಯಬೇಕು, ಆಗ ಕೆಳಗಿನ ಅಂಕಿಗಳನ್ನೆಲ್ಲ ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಿ.

ಅಡಿಬಟ್ಟೆ ಒಂದು, ಒಳಪದರ ಎರಡು, ಮೇಲಿನ ತುಂಡುಬಟ್ಟೆಯ ಪದರ ಒಂದು, ಒಟ್ಟು ನಾಲ್ಕು. ಬೇಸಿಗೆಯಲ್ಲಿ ಹುಟ್ಟುವ ಕೂಸಿಗೆ ಒಳಪದರ ಒಂದೇ ಸಾಕು. ಅಡಿಬಟ್ಟೆಗೆ 34 × 44 ಇಂಚು, ಒಳಪದರಕ್ಕೆ 30 × 40 ಇಂಚಿನ ಎರಡು ತುಂಡು. ಸೀರೆಯ ಅಗಲ 45 ಇಂಚು ಇದ್ದರೆ ಸೀರೆಯ ಉದ್ದದಲ್ಲಿ 34 + 30 + 30, ಅಂದರೆ 94 ಇಂಚು ಸಾಕು. ಆರು ಗಜದ ಒಂದು ಸೀರೆ 216 ಇಂಚು. ಹಾಗಾಗಿ ಒಂದು ಸೀರೆಯಲ್ಲಿ ಎರಡು ಕೌದಿಗೆ ಬೇಕಾದ ಅಡಿಬಟ್ಟೆ, ಒಳಪದರ ಎಲ್ಲ ಬಂದು, ಸವೆದ ಭಾಗ ಬಿಡಲಿಕ್ಕೆ 28 ಇಂಚು ಉಳಿಯುತ್ತದೆ.

ಮೇಲ್ಪದರಕ್ಕೆ 5½ ಇಂಚಿನ ಚೌಕ 48 ಬೇಕು. 45 ಇಂಚು ಅಗಲದ ಬಟ್ಟೆಯ ಒಂದು ಪಟ್ಟಿಯಲ್ಲಿ ಎಂಟು ಚೌಕ ಬರುತ್ತವೆ, ಆರು ಪಟ್ಟಿಗೆ 33 ಇಂಚು ಉದ್ದ. ಅಂದರೆ ಎಲ್ಲ ಸೇರಿ ಒಂದು ಗಜಕ್ಕಿಂತ ಕಡಿಮೆ ಬಟ್ಟೆ. ಎಂಟು ಹತ್ತು ಬಗೆಯ ಹತ್ತಿ ಕುಬಸದ ತುಂಡು, ಹಳೇ ಅಂಗಿ, ಲಂಗದ ಬಟ್ಟೆ ಕೂಡಿಸಿಕೊಂಡರೆ ಸಾಕು.

ದಾರ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ದಾರ ಗಟ್ಟಿ ನಿಜ, ಆದರೆ ಹಳೇ ಮೆತ್ತನೆ ಬಟ್ಟೆಗಿಂತ ದಾರವೇ ಗಟ್ಟಿಯಾದರೆ ಜಗ್ಗಿದಾಗ ಬಟ್ಟೆ ಹರಿಯುತ್ತದೆ, ದಾರ ಉಳಿಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ತೇಪೆಯೇ ಗತಿ. ಆರೆಳೆಯ ಕಸೂತಿ ದಾರದ ಲಡಿ 8 ಮೀಟರ್ ಇರುತ್ತದೆ. ಅದನ್ನು ಸೀಳಿ ಮೂರೆಳೆ ಮಾಡಿಕೊಂಡರೆ 16 ಮೀಟರ್. ಮುಕ್ಕಾಲು ಇಂಚಿಗೆ ಒಂದು ಸಾಲಿನಂತೆ ಈ ಕೌದಿಯಲ್ಲಿ ಸುಮಾರು 1600 ಇಂಚು, ಅಂದರೆ 40 ಮೀಟರ್ ಹೊಲಿಗೆ ಓಡುತ್ತದೆ. ದಾರ ಮೇಲೆ ಕೆಳಗೆ ಹೋಗುವುದಕ್ಕೆ, ಗಂಟಿಗೆ, ತುದಿಗೆ ಸೇರಿ 60 ಮೀಟರ್ ಹಿಡಿಯುತ್ತದೆ. ನಾಲ್ಕು ಲಡಿ ಸರಿಹೋಗಬಹುದು, ಐದು ಒಮ್ಮೆಗೇ ತನ್ನಿ. ಅರ್ಧಕ್ಕೆ ಮುಗಿದು ಮತ್ತೆ ಸಂತೆಗೆ ಹೋದರೆ ಅದೇ ಬಣ್ಣದ ಲಡಿ ಸಿಕ್ಕರೂ ಛಾಯೆ ಬೇರೆಯಾಗಿರುತ್ತದೆ.

ಸೂಜಿ 5 ಅಥವಾ 7ನೇ ನಂಬರಿನ ಕಸೂತಿ ಸೂಜಿ. ನಂಬರು ಏರಿದಷ್ಟು ಸೂಜಿ ಸಣ್ಣದು ಎಂಬುದು ನೆನಪಿರಲಿ. ದೊಡ್ಡ ಕೌದಿಗೆ ಬಳಸುವ ದಪ್ಪ ಸೂಜಿ ಮಲ್ಲು ಬಟ್ಟೆಯಲ್ಲಿ ತೂತು ಬಿಡುತ್ತದೆ. ನಡುಬೆರಳಿಗೆ ಅಂಗುಸ್ತಾನ ಬೇಕು, ಇಲ್ಲದಿದ್ದರೆ ಎರಡನೇ ದಿನಕ್ಕೆ ಬೆರಳಿನ ತುದಿ ಸುಲಿದು ಹೊಲಿಗೆ ದೊಡ್ಡದಾಗುತ್ತ ಹೋಗುತ್ತದೆ. ಗುಂಡುಸೂಜಿ ಉಕ್ಕಿನವೇ ಇರಲಿ, ಹಿತ್ತಾಳೆಯವು ಬೇಡ. ಕಾರಣ ಮುಂದೆ ಬರುತ್ತದೆ. ಹೊಲಿಯಲು ಕೂರುವಾಗ ಸೂಜಿ, ಗುಂಡುಸೂಜಿ ಎಷ್ಟಿವೆ ಎಂದು ಎಣಿಸಿ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ.

ಬಟ್ಟೆ ಹದ ಮಾಡುವುದು

ಕತ್ತರಿ ಮುಟ್ಟುವ ಮೊದಲು ಎಲ್ಲ ಬಟ್ಟೆಯನ್ನೂ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನಲ್ಲಿ ಒಗೆದು, ಎರಡು ಮೂರು ನೀರಿನಲ್ಲಿ ಜಾಲಿಸಿ ಒಣಗಿಸಿ. ಹೊಸ ಬಟ್ಟೆ, ಮುಖ್ಯವಾಗಿ ಕೋರಾ ಬಟ್ಟೆ ಸೇರಿಸುವುದಾದರೆ ಎರಡು ಸಲ ಹೀಗೆ ಮಾಡಿ. ಅದರಲ್ಲಿ ಗಂಜಿ ತುಂಬಿರುತ್ತದೆ, ಮೊದಲ ಒಗೆತಕ್ಕೆ ಗಜಕ್ಕೆ ಒಂದೆರಡು ಇಂಚು ಕುಗ್ಗುತ್ತದೆ. ಕೌದಿ ಹೊಲಿದ ಮೇಲೆ ಹೊಸ ಪದರ ಕುಗ್ಗಿ ಹಳೇದು ಹಾಗೇ ಉಳಿದರೆ, ಹಳೇದು ಗುಳ್ಳೆ ಗುಳ್ಳೆಯಾಗಿ ಏಳುತ್ತದೆ, ಆಮೇಲೆ ಮಾಡುವುದೇನೂ ಉಳಿಯುವುದಿಲ್ಲ.

ಬಣ್ಣದ ಪ್ರತಿ ತುಂಡನ್ನೂ ಪರೀಕ್ಷಿಸಿ. ತುಂಡನ್ನು ಒದ್ದೆ ಮಾಡಿ, ಮೇಲೆ ಬಿಳೇ ಬಟ್ಟೆ ಇಟ್ಟು ಬಿಸಿ ಇಸ್ತ್ರಿ ಒತ್ತಿ ಹಿಡಿಯಿರಿ. ಬಿಳಿಯ ಮೇಲೆ ಕಲೆ ಮೂಡಿದರೆ ಅದನ್ನು ಇನ್ನೊಮ್ಮೆ ನೆನೆಹಾಕಿ, ಮತ್ತೂ ಮೂಡಿದರೆ ಬಿಡಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಎಲ್ಲ ಕಡೆ ಇದೆ. ಇವತ್ತಿನ ಗಿರಣಿ ಬಣ್ಣಗಳಿಗೆ ಅದರಿಂದ ಏನೂ ಆಗುವುದಿಲ್ಲ, ನಂಬಿ ಕೂರಬೇಡಿ.

ಒಣಗಿದ ಮೇಲೆ ಇಸ್ತ್ರಿ ಮಾಡಿ ಕತ್ತರಿಸಿ. ನೇರ ಸಿಗಲು ಬಟ್ಟೆಯ ಅಂಚಿನಲ್ಲಿ ಸಣ್ಣ ಕಚ್ಚು ಕೊಟ್ಟು ಒಂದು ಎಳೆ ಹಿಡಿದು ನಿಧಾನ ಜಗ್ಗಿ. ಎಳೆ ಸರಿದ ಕಡೆ ಗೆರೆ ಕಾಣುತ್ತದೆ, ಅದರ ಮೇಲೆ ಕತ್ತರಿ ಓಡಿಸಿ. ಹೊಸ ಬಟ್ಟೆಯನ್ನು ಹರಿದು ನೇರ ಮಾಡುವಂತೆ ಹಳೇ ಸೀರೆಯನ್ನು ಹರಿಯಬೇಡಿ, ಹರಿತ ಎಲ್ಲೆಲ್ಲೋ ಹೋಗುತ್ತದೆ. ಪದರಗಳ ಹಾಸು, ಅಂದರೆ ನೇಯ್ಗೆಯ ಉದ್ದೆಳೆ, ಎಲ್ಲ ಒಂದೇ ದಿಕ್ಕಿಗೆ ಇರಬೇಕು. ಒಂದು ಪದರ ಓರೆಯಾದರೂ ಅದು ಜಗ್ಗಿದ ಕಡೆ ಬೆಳೆದು ಕೌದಿಯ ಒಂದು ಮೂಲೆ ಉದ್ದ ಬರುತ್ತದೆ.

ಮೇಲ್ಪದರ ಜೋಡಿಸುವುದು

48 ಚೌಕಗಳನ್ನು ನೆಲದ ಮೇಲೆ ಆರು ಅಡ್ಡ, ಎಂಟು ಉದ್ದ ಹರಡಿ. ಕಡು ಬಣ್ಣದವು ಒಂದೇ ಕಡೆ ಗುಂಪಾಗದಂತೆ ಅತ್ತಿತ್ತ ಬದಲಿಸಿ. ಎಳೇ ಕೂಸಿನ ಕಣ್ಣಿಗೆ ಮೊದಲು ಹತ್ತುವುದು ಕಪ್ಪು ಬಿಳುಪಿನಂಥ ಗಾಢ ವ್ಯತ್ಯಾಸ. ಚಂದ್ರಕಾಳಿ ಸೀರೆಯ ಕಪ್ಪು ತುಂಡಿನ ಪಕ್ಕ ಧೋತರದ ಬಿಳುಪು ಇಟ್ಟರೆ ಬೋರಲು ಮಲಗಿದ ಕೂಸು ಅದನ್ನೇ ದಿಟ್ಟಿಸುತ್ತದೆ.

ಕಾಲು ಇಂಚು ಒಳಗೆ ಬಿಟ್ಟು ಚೌಕಗಳನ್ನು ಜೋಡಿಸುತ್ತ ಮೊದಲು ಆರು ಚೌಕದ ಎಂಟು ಸಾಲು ಮಾಡಿಕೊಳ್ಳಿ. ಮಷೀನಿನಲ್ಲಿ ಹೊಲಿದರೆ ಒಂದು ತಾಸಿನ ಕೆಲಸ. ಕೈಯಲ್ಲಾದರೆ ನಾಲ್ಕೈದು ಹೊಲಿಗೆಗೆ ಒಂದನ್ನು ಹಿಂದಕ್ಕೆ ಹಾಕಿ. ಒಳಗಿನ ಅಂಚುಗಳನ್ನು ಮೊದಲ ಸಾಲಿನಲ್ಲಿ ಎಡಕ್ಕೆ, ಎರಡನೆಯದರಲ್ಲಿ ಬಲಕ್ಕೆ ಮಡಚಿ ಇಸ್ತ್ರಿ ಮಾಡಿ. ಸಾಲುಗಳನ್ನು ಕೂಡಿಸುವಾಗ ಎದುರುಬದುರಾದ ಮಡಿಕೆಗಳು ಒಂದಕ್ಕೊಂದು ಕಚ್ಚಿಕೊಂಡು ಮೂಲೆ ಸರಿಯಾಗಿ ಕೂರುತ್ತದೆ. ಎಲ್ಲವನ್ನೂ ಒಂದೇ ಕಡೆ ಮಡಚಿದರೆ ನಾಲ್ಕು ಚೌಕ ಸೇರುವ ಜಾಗದಲ್ಲಿ ಗಂಟು ಕಟ್ಟುತ್ತದೆ, ಅಲ್ಲಿ ಸೂಜಿ ಮುರಿಯುತ್ತದೆ, ಕೂಸಿನ ಬೆನ್ನಿಗೂ ಒತ್ತುತ್ತದೆ. ಮುಗಿದಾಗ ಮೇಲ್ಪದರ 30½ × 40½ ಇಂಚು ಬರಬೇಕು.

ಕನ್ನಡಿ ಬಿಲ್ಲೆ, ಗುಂಡಿ, ಮಣಿ, ಗೊಂಡೆ, ಲೇಸು ಹಚ್ಚುವ ಆಸೆ ಬಂದರೆ ದೊಡ್ಡವರ ಕೌದಿಗೆ ಹಚ್ಚಿ. ಕೂಸಿನದಕ್ಕೆ ಒಂದೂ ಬೇಡ.

ಪದರ ಹಾಸಿ ಕಚ್ಚಾ ಹೊಲಿಗೆ

ಕೌದಿ ಕೆಡುವುದೂ ನೆಟ್ಟಗಾಗುವುದೂ ಇಲ್ಲಿಯೇ. ಒಂದು ತಾಸು ಇದಕ್ಕೇ ಮೀಸಲಿಡಿ.

ನೆಲ ಒರೆಸಿ ಒಣಗಿದ ಮೇಲೆ ಅಡಿಬಟ್ಟೆಯ ಒಳಮೈ ಮೇಲೆ ಬರುವಂತೆ ಹಾಸಿ. ನಾಲ್ಕು ಮೂಲೆಗೆ ಗುಂಡುಕಲ್ಲೋ ತುಂಬಿದ ಡಬ್ಬಿಯೋ ಇಟ್ಟು ಬಿಗಿ ಮಾಡಿ. ಜಗ್ಗಿ ಹಿಡಿಯಬಾರದು, ಸುಕ್ಕು ಹೋಗುವಷ್ಟು ಸಾಕು. ಜಗ್ಗಿ ಹಾಸಿದ ಬಟ್ಟೆ ಕಲ್ಲು ತೆಗೆದ ಕೂಡಲೇ ಮೊದಲಿನಂತಾಗಿ ಮೇಲಿನ ಪದರಗಳಲ್ಲಿ ನೆರಿಗೆ ಎಬ್ಬಿಸುತ್ತದೆ. ಸುತ್ತ ಎರಡೆರಡು ಇಂಚು ಬಿಟ್ಟು ಅದರ ಮೇಲೆ ಒಳಪದರಗಳನ್ನು ಒಂದೊಂದಾಗಿ ಹಾಸಿ, ಪ್ರತಿಯೊಂದನ್ನೂ ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ. ಕೊನೆಗೆ ಚೌಕದ ಪದರ, ಹೊಲಿಗೆಯ ಮೈ ಕೆಳಗೆ, ಚೆಂದದ ಮೈ ಮೇಲೆ.

ಈಗ ತಿಳಿಬಣ್ಣದ ದಾರದಲ್ಲಿ ಎರಡಿಂಚು ಉದ್ದದ ಕಚ್ಚಾ ಹೊಲಿಗೆ. ನಡುವಿನಿಂದ ಶುರು ಮಾಡಿ ನಾಲ್ಕೂ ದಿಕ್ಕಿಗೆ, ಆಮೇಲೆ ನಾಲ್ಕು ಇಂಚಿಗೆ ಒಂದರಂತೆ ಅಡ್ಡ ಉದ್ದ ಸಾಲು. ದಿನಾ ಕೌದಿ ಹೊಲಿಯುವ ಹೆಂಗಸರು ಕಚ್ಚಾ ಹೊಲಿಗೆ ಇಲ್ಲದೆ ಮೊಣಕಾಲಿನಿಂದ ಒತ್ತಿ ಹಿಡಿದೇ ಹೊಲಿದುಬಿಡುತ್ತಾರೆ. ಅದು ವರ್ಷಗಟ್ಟಲೆ ಕೂತ ಕೈ, ಮೊದಲ ಕೌದಿಗೆ ಅದನ್ನು ಅನುಕರಿಸಬೇಡಿ.

ಕೆಲವು ಕಡೆ ಕೌದಿಯ ಹೊಟ್ಟೆ ಖಾಲಿ ಇರಬಾರದು ಎಂದು ಪದರದೊಳಗೆ ನಾಲ್ಕು ಕಾಳನ್ನೋ ರೊಟ್ಟಿಯ ಚೂರನ್ನೋ ಇಟ್ಟು ಮುಚ್ಚುತ್ತಾರೆ. ಪದ್ಧತಿ ನಡೆಸುವ ಮನೆಯಾದರೆ ಕಾಳನ್ನು ಕೌದಿಯ ಮೇಲಿಟ್ಟು ಅರಿಶಿನ ಕುಂಕುಮ ಏರಿಸಿ ಆಮೇಲೆ ತೆಗೆದುಬಿಡಿ. ದಿನಾ ನೆನೆಯುವ ಬಟ್ಟೆಯೊಳಗೆ ತಿನಿಸು ಉಳಿದರೆ ಬೂಸು ಬರುತ್ತದೆ, ಇರುವೆ ಬರುತ್ತದೆ, ಇರುವೆ ಕೂಸನ್ನೂ ಬಿಡುವುದಿಲ್ಲ.

ಅಂಚು ಮಡಚುವುದು

ಹೊರಗೆ ಉಳಿದ ಎರಡಿಂಚು ಅಡಿಬಟ್ಟೆಯೇ ಅಂಚುಪಟ್ಟಿ. ಮೊದಲು ನಾಲ್ಕು ಮೂಲೆಯ ತುದಿಯನ್ನು ಕೌದಿಯ ಮೂಲೆಗೆ ತಾಗುವಂತೆ ತ್ರಿಕೋನವಾಗಿ ಒಳಕ್ಕೆ ಮಡಚಿ. ಆಮೇಲೆ ಒಂದೊಂದು ಬದಿಯನ್ನೂ ಒಂದು ಇಂಚು ಮಡಚಿದರೆ ಬಟ್ಟೆಯ ಕಚ್ಚಾ ಅಂಚು ಮೇಲ್ಪದರದ ಅಂಚಿಗೆ ಬಂದು ಕೂಡುತ್ತದೆ. ಇನ್ನೊಂದು ಇಂಚು ಮಡಚಿದರೆ ಪಟ್ಟಿ ಮೇಲ್ಪದರದ ಮೇಲೆ ಕೂರುತ್ತದೆ. ಮೂಲೆಯಲ್ಲಿ ಎರಡು ಪಟ್ಟಿಗಳು ಓರೆಯಾಗಿ ಒಂದನ್ನೊಂದು ಮುಟ್ಟುತ್ತವೆ, ಅಲ್ಲಿ ಸಣ್ಣ ಮುಚ್ಚುಹೊಲಿಗೆ ಹಾಕಿ. ಗುಂಡುಸೂಜಿ ಚುಚ್ಚಿ ಹಿಡಿಸಿ, ಕಚ್ಚಾ ಹೊಲಿಗೆ ಹಾಕಿ, ಗುಂಡುಸೂಜಿಯನ್ನೆಲ್ಲ ಆಗಲೇ ತೆಗೆದು ಎಣಿಸಿ.

ಹೊಲಿಗೆ

ದಾರ 20 ಇಂಚಿಗಿಂತ ಉದ್ದ ಬೇಡ. ಉದ್ದ ದಾರ ಸಿಕ್ಕು ಬೀಳುತ್ತದೆ, ನೂರಾರು ಸಲ ಬಟ್ಟೆಯಲ್ಲಿ ತೂರಿ ತೂರಿ ಎಳೆ ಬಿಚ್ಚಿಕೊಂಡು ಸವೆಯುತ್ತದೆ. ತುದಿಗೆ ಸಣ್ಣ ಗಂಟು ಹಾಕಿ. ಶುರು ಮಾಡುವ ಜಾಗದಿಂದ ಅರ್ಧ ಇಂಚು ದೂರದಲ್ಲಿ ಮೇಲ್ಪದರಕ್ಕೆ ಮಾತ್ರ ಸೂಜಿ ತೂರಿಸಿ, ಪದರಗಳ ನಡುವೆಯೇ ಸಾಗಿಸಿ, ಬೇಕಾದ ಜಾಗದಲ್ಲಿ ಮೇಲೆತ್ತಿ ಮೆಲ್ಲಗೆ ಜಗ್ಗಿ. ಟಪ್ ಎಂದು ಗಂಟು ಒಳಗೆ ಸೇರಿಕೊಳ್ಳುತ್ತದೆ. ಮುಗಿಸುವಾಗ ಎರಡು ಹೊಲಿಗೆ ಹಿಂದಕ್ಕೆ ಹಾಕಿ, ದಾರವನ್ನು ಪದರದೊಳಗೆ ಒಂದು ಇಂಚು ಓಡಿಸಿ ಹೊರತೆಗೆದು ಬುಡಕ್ಕೆ ಕತ್ತರಿಸಿ.

ಇಷ್ಟು ಕಟ್ಟುನಿಟ್ಟು ಯಾಕೆ? ಹೊರಗೆ ಉಳಿದ ದಾರದ ತುದಿ ಅಥವಾ ಉದ್ದ ಹೊಲಿಗೆಯ ಕುಣಿಕೆ ಕೂಸಿನ ಕೈಬೆರಳಿಗೋ ಕಾಲ್ಬೆರಳಿಗೋ ಸುತ್ತಿಕೊಂಡು ರಕ್ತ ಓಡದಂತೆ ಬಿಗಿಯುತ್ತದೆ. ಬೆರಳು ಕೆಂಪಗೆ ಊದುತ್ತದೆ. ಕೂಸು ಅಳುತ್ತದೆ, ಕಾರಣ ಯಾರಿಗೂ ಕಾಣುವುದಿಲ್ಲ. ಮಕ್ಕಳ ವೈದ್ಯರಿಗೆ ಗೊತ್ತಿರುವ ಅವಘಡ ಇದು. ಎಷ್ಟು ಹೊತ್ತಾದರೂ ಅಳು ನಿಲ್ಲಿಸದ ಕೂಸಿನ ಹತ್ತೂ ಕಾಲ್ಬೆರಳು ಬಿಡಿಸಿ ನೋಡಬೇಕು. ಅದಕ್ಕೇ ಮೇಲೆ ಕಾಣುವ ಪ್ರತಿ ಹೊಲಿಗೆ ಜೋಳದ ಕಾಳಿಗಿಂತ ಸಣ್ಣದಿರಲಿ, ಇಂಚಿಗೆ ಐದು. ದೊಡ್ಡವರ ಕೌದಿಯ ಅರ್ಧ ಇಂಚಿನ ಹೊಲಿಗೆ ಇಲ್ಲಿ ನಡೆಯುವುದಿಲ್ಲ.

ಮೊದಲ ಸುತ್ತು ಹೊರ ಅಂಚಿನಿಂದ ಕಾಲು ಇಂಚು ಒಳಗೆ. ಎರಡನೆಯದು ಅಂಚುಪಟ್ಟಿಯ ಒಳಮಡಿಕೆಗೆ ತಾಗಿಕೊಂಡು, ಪಟ್ಟಿ ಮತ್ತೆಂದೂ ಏಳದಂತೆ. ಅಲ್ಲಿಂದ ಮುಂದೆ ಮುಕ್ಕಾಲು ಇಂಚಿಗೆ ಒಂದು ಸುತ್ತು, ಹೆಚ್ಚುಕಡಿಮೆ ಹೆಬ್ಬೆರಳಿನ ಅಗಲ. ಮೂಲೆ ಬಂದಾಗ ಸೂಜಿ ಸರಿಯಾಗಿ ಮೂಲೆಯ ಚುಕ್ಕಿಯಲ್ಲೇ ಮೇಲೇಳಬೇಕು, ಆಗ ಗೆರೆ ಚೂಪಾಗಿ ತಿರುಗುತ್ತದೆ. ಹೀಗೆ ಸುಮಾರು 20 ಸುತ್ತಿಗೆ ನಡುವಿನಲ್ಲಿ ಒಂದು ಗೇಣಿನ ಗೆರೆ ಉಳಿದು ಕೌದಿ ಮುಗಿಯುತ್ತದೆ. ಸೂಜಿಯಲ್ಲಿ ಒಮ್ಮೆಗೆ ಮೂರು ನಾಲ್ಕು ಹೊಲಿಗೆ ಏರಿಸಿಕೊಂಡು ಎಳೆಯಿರಿ. ಪ್ರತಿ ಗೇಣಿಗೆ ಒಮ್ಮೆ ನಿಂತು, ಹೊಲಿದ ಸಾಲನ್ನು ಎರಡು ಕೈಯಲ್ಲಿ ಹಿಡಿದು ಹಗುರ ಜಗ್ಗಿ ದಾರ ಸಡಿಲಿಸಿ. ನಾಲ್ಕೂ ಪದರ ಹಿಡಿದಿದೆಯೇ ಎಂದು ಆಗಾಗ ಅಡಿಮೈ ತಿರುಗಿಸಿ ನೋಡಿ.

ಕೈ ಕುದುರಿದವರು ತಾಸಿಗೆ ಹತ್ತು ಹನ್ನೆರಡು ಅಡಿ ಹೊಲಿಯುತ್ತಾರೆ. ಆ ಲೆಕ್ಕದಲ್ಲಿ 12 ತಾಸು, ದಿನಾ ಮಧ್ಯಾಹ್ನ ಒಂದೂವರೆ ತಾಸು ಕೂತರೆ ಎಂಟು ದಿನ. ಹೊಸಬರಿಗೆ ಇದರ ಎರಡರಷ್ಟು. ಏಳನೇ ತಿಂಗಳಿಗೆ ಶುರು ಮಾಡಿದರೆ ಅವಸರವಿಲ್ಲ.

ಮುಗಿದ ಮೇಲೆ ಕಚ್ಚಾ ಹೊಲಿಗೆ ಬಿಚ್ಚಿ. ಸೂಜಿ, ಗುಂಡುಸೂಜಿ ಮತ್ತೆ ಎಣಿಸಿ. ಲೆಕ್ಕ ಸರಿಬಂದರೂ ಒಂದು ಅಯಸ್ಕಾಂತವನ್ನು ಕೌದಿಯ ಎರಡೂ ಮೈಮೇಲೆ ಸಾಲಾಗಿ ಸವರಿ. ಒಳಗೆ ಮುರಿದ ಸೂಜಿಯ ಮೊನೆ ಉಳಿದಿದ್ದರೆ ಅಲ್ಲಿ ಹಿಡಿಯುತ್ತದೆ. ಹಿತ್ತಾಳೆ ಗುಂಡುಸೂಜಿ ಬೇಡ ಎಂದದ್ದು ಇದಕ್ಕೇ, ಅಯಸ್ಕಾಂತಕ್ಕೆ ಅದು ಸಿಗುವುದಿಲ್ಲ. ಸೂಜಿ ಮುರಿದಾಗಲೇ ಎರಡೂ ತುಂಡು ಹುಡುಕಿ ಜೋಡಿಸಿ ನೋಡದೆ ಮುಂದಿನ ಹೊಲಿಗೆ ಹಾಕಬಾರದು.

ಎಲ್ಲಿ ಕೆಡುತ್ತದೆ

ನಡುವಿನಲ್ಲಿ ಹೊಟ್ಟೆ ಬಂತು. ಹೊರಗಿನಿಂದ ಒಳಕ್ಕೆ ಹೊಲಿಯುವಾಗ ಪ್ರತಿ ಸುತ್ತೂ ಒಂದಿಷ್ಟು ಬಟ್ಟೆಯನ್ನು ಒಳಕ್ಕೆ ದೂಡುತ್ತದೆ, ಕೊನೆಗೆ ಎಲ್ಲ ನಡುವಿನಲ್ಲಿ ಸೇರುತ್ತದೆ. ಕಚ್ಚಾ ಹೊಲಿಗೆ ಸಡಿಲವಾಗಿತ್ತು ಎಂದೇ ಅರ್ಥ. ಸ್ವಲ್ಪವೇ ಇದ್ದರೆ ಉಳಿದ ಸುತ್ತುಗಳನ್ನು ಅರ್ಧ ಇಂಚಿಗೆ ಹತ್ತಿರ ಹಾಕಿ, ಉಬ್ಬು ಸಣ್ಣ ಸಣ್ಣ ಅಲೆಯಾಗಿ ಹಂಚಿಹೋಗುತ್ತದೆ. ಮಡಿಕೆ ಬೀಳುವಷ್ಟಿದ್ದರೆ ನಾಲ್ಕೈದು ಸುತ್ತು ಬಿಚ್ಚಿ ಮತ್ತೆ ಹಾಸುವುದೇ ಸರಿ. ಉಬ್ಬನ್ನು ಕತ್ತರಿಸಿ ತೇಪೆ ಹಾಕಬೇಡಿ.

ಅಂಚು ಅಲೆ ಅಲೆಯಾಗಿ, ನಡು ಬಿಗಿಯಾಗಿ ಬಂದರೆ ಒಳಸುತ್ತುಗಳಲ್ಲಿ ದಾರ ಜಗ್ಗಿದೆ. ಬಿಚ್ಚುವ ಮೊದಲು ಒಮ್ಮೆ ಒದ್ದೆ ಮಾಡಿ ಕೈಯಿಂದ ಎಳೆದು ಹಾಸಿ ಒಣಗಿಸಿ ನೋಡಿ, ಅರ್ಧ ಸಮಸ್ಯೆ ಅಲ್ಲಿಗೇ ಹೋಗುತ್ತದೆ. ಮೈತುಂಬ ಕಾಣುವ ಹಗುರ ಸುಕ್ಕು ದೋಷವಲ್ಲ, ಕೌದಿಯ ಚೆಲುವೇ ಅದು. ಹೊಲಿಗೆಗೆ, ಒಗೆತಕ್ಕೆ ಸೇರಿ ಎರಡೂ ಕಡೆ ಒಂದೊಂದು ಇಂಚು ಕಡಿಮೆಯಾಗುವುದೂ ಸಹಜ.

ಅಡಿಮೈಯಲ್ಲಿ ಹೊಲಿಗೆ ತಪ್ಪಿ ತಪ್ಪಿ ಕಾಣುತ್ತಿದ್ದರೆ ಸೂಜಿಯನ್ನು ತೀರಾ ಮಲಗಿಸಿ ತೂರಿಸುತ್ತಿದ್ದೀರಿ. ಅಂಥ ಸಾಲು ಒಗೆದಾಗ ಒಳಪದರ ಸರಿದು ಒಂದು ಕಡೆ ಮುದ್ದೆಯಾಗುತ್ತದೆ. ಸೂಜಿ ನೆಟ್ಟಗೆ ಇಳಿಯಬೇಕು, ಕೆಳಗಿನ ಕೈಬೆರಳಿಗೆ ಮೊನೆ ತಾಗಬೇಕು.

ಹತ್ತಿ ತುಂಬಿದ ದುಲಾಯಿ ಮಾಡಲೇ ಎಂದು ಕೇಳುವವರಿದ್ದಾರೆ. ಪಿಂಜಾರರು ಹಿಂಜಿಕೊಟ್ಟ ಅರಳೆಯ ಮೆತ್ತೆ ಎಷ್ಟೇ ಹಗುರವಿದ್ದರೂ ನೀರು ಬಿದ್ದರೆ ಉಂಡೆ ಕಟ್ಟುತ್ತದೆ, ಒಣಗಲು ಎರಡು ದಿನ. ಉಚ್ಚೆ ಹೊಯ್ಯುವ ವಯಸ್ಸು ದಾಟಿದ ಮೇಲೆ ಮಾಡಿಕೊಡಿ. ನೀರು ಇಳಿಯದಿರಲೆಂದು ಕೌದಿಯ ಒಳಗೆ ರಬ್ಬರ್ ಹಾಳೆ ಸೇರಿಸಿ ಹೊಲಿಯುವುದೂ ಬೇಡ, ಸೂಜಿ ತೂತಿನಿಂದ ನೀರು ಇಳಿದೇ ಇಳಿಯುತ್ತದೆ. ಹಾಳೆಯನ್ನು ಕೌದಿಯ ಕೆಳಗೆ ಬೇರೆಯಾಗಿ ಹಾಸಿ.

ಜೊತೆಗೊಂದು ದುಪ್ಪಟಿ

ಕೂಸನ್ನು ಸುತ್ತಿ ಎತ್ತಿಕೊಳ್ಳಲು ಎರಡು ಪದರದ ದುಪ್ಪಟಿ ಸಾಕು. ಉಳಿದ ಮಲ್ಲು ಸೀರೆಯಲ್ಲಿ 41 ಇಂಚಿನ ಎರಡು ಚೌಕ ಕತ್ತರಿಸಿ, ಚೆಂದದ ಮೈಗಳು ಒಳಗೆ ಬರುವಂತೆ ಒಂದರ ಮೇಲೊಂದು ಇಟ್ಟು, ಅರ್ಧ ಇಂಚು ಬಿಟ್ಟು ಸುತ್ತ ಹೊಲಿಯಿರಿ. ಒಂದು ಬದಿಯಲ್ಲಿ ಐದು ಇಂಚು ಬಾಯಿ ಬಿಡಿ. ಮೂಲೆಯ ತುದಿ ಕತ್ತರಿಸಿ, ಬಾಯಿಂದ ತಿರುವಿ, ಬಾಯಿ ಮುಚ್ಚಿ, ಅಂಚಿನಿಂದ ಕಾಲು ಇಂಚಿಗೆ ಒಂದು ಸುತ್ತು, ಒಳಗೆ ಏಳೆಂಟು ಇಂಚಿಗೆ ಒಂದು ಗೆರೆ ಹಾಕಿದರೆ ಮುಗಿಯಿತು. ಸುತ್ತುವಾಗ ಕಾಲು ನೆಟ್ಟಗೆ ಎಳೆದು ಬಿಗಿಯಬೇಡಿ. ಕಪ್ಪೆಯಂತೆ ಮಡಚಿ ಅಗಲಿಸಲು ಜಾಗವಿರಬೇಕು, ಬಿಗಿದರೆ ತೊಡೆಯ ಕೀಲು ಗೂಡಿನಲ್ಲಿ ಸರಿಯಾಗಿ ಕೂರುವುದಿಲ್ಲ. ಕೂಸು ಹೊರಳಲು ನೋಡತೊಡಗಿದ ದಿನವೇ ಮಲಗಿಸುವಾಗ ಸುತ್ತುವುದನ್ನು ನಿಲ್ಲಿಸಿ.

ಒಗೆಯುವುದು, ಇಡುವುದು

ಮೊದಲ ಬಳಕೆಗೆ ಮುಂಚೆ ಒಮ್ಮೆ ಒಗೆಯಿರಿ. ಉಚ್ಚೆಯಾದರೆ ಮೊದಲು ತಣ್ಣೀರು, ಆಮೇಲೆ ಸೋಪು. ಬೋರಿನ ಗಡಸು ನೀರಿನಲ್ಲಿ ಸೋಪು ಸರಿಯಾಗಿ ಬಿಡದೆ ಬಿಳೇ ಪದರವಾಗಿ ಎಳೆಗೆ ಅಂಟಿ ಬಟ್ಟೆ ಬಿರುಸಾಗುತ್ತದೆ. ಅಂಟುವಾಳದ ನೀರಿಗೆ ಈ ತೊಂದರೆ ಇಲ್ಲ. ಡಿಟರ್ಜೆಂಟ್ ಬಳಸಿದರೆ ಮೂರು ನೀರು ಜಾಲಿಸಿ. ಸುವಾಸನೆಯ ದ್ರವ, ಗಂಜಿ ಎರಡೂ ಬೇಡ. ಹಿಂಡುವಾಗ ತಿರುಚಬೇಡಿ, ಅದುಮಿ ನೀರು ಇಳಿಸಿ, ಎರಡು ಹಗ್ಗದ ಮೇಲೆ ಹಂಚಿ ಹಾಕಿ. ಒಂದು ಮೂಲೆ ಹಿಡಿದು ನೇತುಹಾಕಿದರೆ ನೀರಿನ ಭಾರಕ್ಕೆ ಆ ಮೂಲೆ ಕಿವಿಯಂತೆ ಉದ್ದವಾಗುತ್ತದೆ. ಬೇಸಿಗೆಯ ಬಿಸಿಲಿಗೆ ನಾಲ್ಕು ಪದರ ಮಧ್ಯಾಹ್ನದೊಳಗೆ ಒಣಗುತ್ತದೆ. ಶ್ರಾವಣದ ಜಿಟಿಜಿಟಿ ದಿನಗಳಲ್ಲಿ ಮೇಲೆ ಒಣಗಿದಂತೆ ಕಂಡರೂ ಒಳಪದರ ತಂಪಾಗಿರುತ್ತದೆ. ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ಹತ್ತಿದರೆ ಎರಡೂ ಮೈಗೆ ಇಸ್ತ್ರಿ ಓಡಿಸಿ. ಹಾಸಿದ್ದು ಒಂದು, ಹಗ್ಗದ ಮೇಲೊಂದು, ಮಡಚಿಟ್ಟದ್ದು ಒಂದು, ಹೀಗೆ ಮೂರು ಕೌದಿ ಇದ್ದರೆ ಬಾಣಂತಿಗೆ ತಲೆಬಿಸಿ ಇಲ್ಲ.

ಮೊದಲ ಮೂರು ತಿಂಗಳು ಕೂಸನ್ನು ಜೋಡಣೆ ಇಲ್ಲದ ಅಡಿಮೈಯ ಮೇಲೆ ಮಲಗಿಸಿ, ಚೌಕದ ಮೈ ಆಮೇಲೆ ಆಟಕ್ಕೆ. ವಾರಕ್ಕೊಮ್ಮೆ ಹೊಲಿಗೆಯ ಸಾಲುಗಳ ಮೇಲೆ ಬೆರಳು ಆಡಿಸಿ. ಎಲ್ಲಿ ದಾರ ಎದ್ದು ಬೆರಳಿಗೆ ಸಿಕ್ಕಿತೋ ಅಲ್ಲಿ ಕತ್ತರಿಸಿ, ಎರಡೂ ತುದಿ ಒಳಗೆ ಸೇರಿಸಿ, ಒಂದು ಇಂಚು ಹಿಂದಿನಿಂದ ಮುಂದಕ್ಕೆ ಮತ್ತೆ ಹೊಲಿಯಿರಿ. ಕೂಸು ಬೆಳೆದು ಕೌದಿ ಎತ್ತಿಡುವಾಗ ಪೂರ್ತಿ ಒಣಗಿಸಿ, ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ನಡುವೆ ಇಟ್ಟು, ಹಳೇ ಧೋತರದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ. ವರ್ಷಕ್ಕೆರಡು ಸಲ ತೆಗೆದು, ಮಡಿಕೆಯ ಗೆರೆ ಬದಲಿಸಿ ಮಡಚಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿಟ್ಟರೆ ಬಟ್ಟೆ ಅಲ್ಲೇ ಬಿರಿಯುತ್ತದೆ.